ಇದರಲ್ಲೇನಿದೆ ಮಹಾ ಎಂದರೆ ಸಾಲದು

ಶಿಡ್ಲಘಟ್ಟದ ರೀಲರ್ ಒಬ್ಬರೋ ಚಿಂತಾಮಣಿಯ ವರ್ಕ್‌ಶಾಪಿನವರೋ ಪೇಟೆಂಟಿಗೆ ಅರ್ಜಿ ಹಾಕಿದ್ದಾರೆಂದು ಕೇಳಿದರೆ ಸಾಕು, ನಾವು ತೀರ್ಪು ಕೊಟ್ಟುಬಿಡುತ್ತೇವೆ: ಇದರಲ್ಲೇನಿದೆ ಮಹಾ! ಆ ಆಕ್ಷೇಪಕ್ಕೆ ಕಾನೂನಿನಲ್ಲೂ ಜಾಗವಿದೆ. ಆದರೆ ಪುರಾವೆಯಿಲ್ಲದೆ ಅದು ನಿಲ್ಲದು.

ತಪ್ಪು ಕಲ್ಪನೆ: ನೋಡಿದೊಡನೆ ಅರ್ಥವಾಗುವ ಸರಳ ಸಾಧನಕ್ಕೆ ಪೇಟೆಂಟ್ ಸಿಗದು.

ವಾಸ್ತವ: ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟನ್ನೇ ನೋಡಿ. ನೀರು ಗೊತ್ತಾದ ಮಟ್ಟ ಮೀರಿದರೆ ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ವಿವರಿಸಿದರೆ ಶಾಲೆಯ ಹುಡುಗರಿಗೂ ತಿಳಿಯುತ್ತದೆ. ಆದರೂ ಅದಕ್ಕೆ ಅವರು ಪೇಟೆಂಟ್ ಪಡೆದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಇವತ್ತು ಸುಲಭವಾಗಿ ಕಾಣುತ್ತದೆಯೇ ಎಂಬುದು ಪ್ರಶ್ನೆಯಲ್ಲ. ಅರ್ಜಿಯ ಆದ್ಯತಾ ದಿನಾಂಕಕ್ಕೆ, ಅಂದರೆ ಮೊದಲ ಅರ್ಜಿ ಸಲ್ಲಿಸಿದ ದಿನಕ್ಕೆ ಮುಂಚೆ, ಆಗ ಗೊತ್ತಿದ್ದ ವಿಷಯಗಳಿಂದಲೇ, ಆ ಕಸುಬು ಬಲ್ಲವರಿಗೆ ಇದು ಹೊಳೆಯುತ್ತಿತ್ತೇ ಎಂಬುದು ಪ್ರಶ್ನೆ.

ತಪ್ಪು ಕಲ್ಪನೆ: ಬಿಡಿಭಾಗಗಳೆಲ್ಲ ಹಳೆಯವೆಂದು ತೋರಿಸಿದರೆ ಅರ್ಜಿ ಬಿದ್ದುಹೋದಂತೆ.

ವಾಸ್ತವ: ನಾವು ಹೆಚ್ಚು ಎಡವುವುದು ಇಲ್ಲೇ. ರೇಷ್ಮೆ ನೂಲು ಬಿಚ್ಚುವ ಬೇಸಿನ್ನಿನ ನೀರನ್ನು ಒಂದೇ ಹದದ ಬಿಸಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಒಬ್ಬರು ಅರ್ಜಿ ಹಾಕಿದರು ಎನ್ನೋಣ. ಬೇಸಿನ್ ಹಳೆಯದು, ಥರ್ಮೋಸ್ಟಾಟ್ ಪ್ರತಿ ಮನೆಯ ಗೀಸರಿನಲ್ಲಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಎರಡನ್ನೂ ಕೂಡಿಸಲು ರೀಲರಿಗೆ ಕಾರಣವಿತ್ತೆಂದು ತೋರಿಸಬೇಕು. ಬಿಸಿ ಏರಿಳಿದರೆ ನೂಲು ಕೆಡುತ್ತದೆ, ಅದನ್ನು ತಾನಾಗಿ ನಿಯಂತ್ರಿಸಬೇಕು ಎಂದು ಹೇಳುವ ಹಳೆಯ ಕೈಪಿಡಿ ಸಿಕ್ಕರೆ ವಾದ ಗಟ್ಟಿ. ಆದರೆ ಗೂಡಿನ ಅಂಟು ಮೆತ್ತಿಕೊಂಡು ಸೆನ್ಸರ್ ತಪ್ಪು ಬಿಸಿ ತೋರಿಸುತ್ತಿತ್ತು, ಅದಕ್ಕೆ ಅರ್ಜಿದಾರರು ಹೊಸ ದಾರಿ ಕಂಡುಹಿಡಿದರು ಎಂದಾದರೆ ಗೀಸರಿನ ಉದಾಹರಣೆಯಷ್ಟೇ ಸಾಲದು.

ಅಗ್ರಿಬೋರ್ಡ್ ಎಂಬ ಕಂಪನಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಇದನ್ನೇ ಹೇಳಿತು: ಹಿಂದೆ ಏನಿತ್ತು, ಅರ್ಜಿಯಲ್ಲಿ ಏನಿದೆ, ಮೊದಲನೆಯದರಿಂದ ಎರಡನೆಯದು ಹೇಗೆ ಹೊಳೆಯುತ್ತದೆ, ಈ ಮೂರನ್ನೂ ಅಧಿಕಾರಿ ಪರಿಶೀಲಿಸಬೇಕು, ಬರಿಯ ತೀರ್ಮಾನ ಸಲ್ಲದು. ಹಾಗಂತ ಅರ್ಜಿದಾರರೇ ಯಾವಾಗಲೂ ಗೆಲ್ಲುವುದಿಲ್ಲ. ಮಿರ್ಜಾಪುರದ ಪಾತ್ರೆ ತಯಾರಕರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಲೇತ್ ಸಾಧನವೊಂದರ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಅದು ಹಳೆಯ ವಿಧಾನಕ್ಕೆ ಮಾಡಿದ ಸಣ್ಣ ಸುಧಾರಣೆಯಷ್ಟೇ ಆಗಿತ್ತು.

ತಪ್ಪು ಕಲ್ಪನೆ: ಪುಸ್ತಕದಲ್ಲಿಲ್ಲದ ರೂಢಿಗೆ ಬೆಲೆಯಿಲ್ಲ.

ವಾಸ್ತವ: ಈ ನಂಬಿಕೆ ಬಹುಶಃ ಅರಿಶಿನದ ಕಥೆಯಿಂದ ಬಂದದ್ದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತು. ಹೊರದೇಶದ ಬಳಕೆಗೆ ಬರಹದ ಆಧಾರ ಬೇಕೆಂಬುದು ಆಗ ಅಲ್ಲಿನ ಕಾನೂನು. ಭಾರತದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟ ಮೇಲೆ, 1997ರಲ್ಲಿ ಅದು ರದ್ದಾಯಿತು. ನಮ್ಮ ಕಾನೂನು ಹಾಗಲ್ಲ. ಪೇಟೆಂಟ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಮುಂಚೆಯೇ ಭಾರತದಲ್ಲಿ ಬಳಕೆಯಲ್ಲಿದ್ದುದನ್ನೂ ಆಧಾರವಾಗಿ ತೋರಿಸಬಹುದು.

ತಪ್ಪು ಕಲ್ಪನೆ: ಆಕ್ಷೇಪಣೆ ದೊಡ್ಡ ಕಂಪನಿಗಳ ಕೆಲಸ.

ವಾಸ್ತವ: ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ಆಕ್ಷೇಪಿಸಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಪುರಾವೆಗಳೆಂದರೆ ಯಂತ್ರ ಕೊಂಡ ಬಿಲ್, ದಿನಾಂಕವಿರುವ ಫೋಟೊ, ಬಳಸಿದವರ ಪ್ರಮಾಣಪತ್ರ, ಹಳೆಯ ಕ್ಯಾಟಲಾಗು: ಎಲ್ಲವೂ ಆದ್ಯತಾ ದಿನಾಂಕಕ್ಕಿಂತ ಹಿಂದಿನ ಸಂಗತಿಯನ್ನೇ ಹೇಳಬೇಕು. ಆಮೇಲಿನ ಬಿಲ್ಲು ನೂರಿದ್ದರೂ ಲೆಕ್ಕಕ್ಕಿಲ್ಲ.