ಎರಡು ಊರುಗಳ ನಡುವೆ ಬಾಡಿಗೆ ಮನೆ

ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಮೊದಲ ನೌಕರಿ ಪುಣೆಯಲ್ಲಿ. ಆದರೆ ಆಫರ್ ಲೆಟರಿನಲ್ಲಿ ಪುಣೆ ಎಂದಿದ್ದರೂ ದಿನವೂ ಹೋಗಬೇಕಾದದ್ದು ಹಿಂಜವಡಿಗೋ, ಖರಾಡಿಗೋ, ಮುಂಬೈಯ ಕ್ಲೈಂಟ್ ಆಫೀಸಿಗೋ ಎಂಬುದು ಕೆಲಸಕ್ಕೆ ಸೇರಿದ ಮೇಲೂ ಖಚಿತವಾಗದೆ ಉಳಿಯಬಹುದು. ಗಂಡನಿಗೆ ಪುಣೆ, ಹೆಂಡತಿಗೆ ನವಿ ಮುಂಬೈ ಆಗಿಬಿಟ್ಟರೆ ಕಣ್ಣು ಸಹಜವಾಗಿ ಲೋಣಾವಳಾದ ಮೇಲೆ ಬೀಳುತ್ತದೆ. ತಂಪು ಹವೆ, ಸ್ಟೇಷನ್ ಇರುವ ಊರು, ಎರಡಕ್ಕೂ ನಡುವೆ. ಈ ‘ನಡುವೆ’ ಎಂಬ ಲೆಕ್ಕವೇ ಮೋಸದ್ದು. ರೈಲಿನಲ್ಲಿ ಪುಣೆಗೆ 64 ಕಿ.ಮೀ. ಆದರೆ ಮುಂಬೈ ಸಿಎಸ್‌ಎಂಟಿಗೆ ಅದರ ಎರಡರಷ್ಟು, 128.

ಅಂತರಕ್ಕಿಂತ ದೊಡ್ಡ ಸಂಗತಿ ದಾರಿಯ ಗುಣ. ಪುಣೆಯ ಕಡೆಗೆ 1978ರಿಂದ ಲೋಕಲ್ ಓಡುತ್ತಿದೆ. ಒಂದೂಕಾಲು ಗಂಟೆ ದಾಟುವಷ್ಟರಲ್ಲಿ ಪುಣೆ ತಲುಪಿಸುತ್ತದೆ. ಆದರೆ ಅದು ಮುಂಬೈ ಲೋಕಲ್ ಅಲ್ಲ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಇನ್ನೊಂದು ಕಡೆಗೆ ಆ ಲೋಕಲ್ಲೂ ಇಲ್ಲ. ಮುಂಬೈ ಲೋಕಲ್‌ಗಳು ಘಟ್ಟದ ಕೆಳಗೆ ಕರ್ಜತ್, ಖೋಪೋಲಿಗಳಲ್ಲೇ ನಿಂತುಬಿಡುತ್ತವೆ. ನಡುವೆ ಇರುವುದು 1863ರಲ್ಲಿ ತೆರೆದ ಭೋರ್ ಘಾಟ್ ರೈಲುದಾರಿ. 37 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಹಾಗಾಗಿ ಕರ್ಜತ್‌ನಲ್ಲಿ ರೈಲಿನ ಹಿಂಬದಿಗೆ ಬೇರೆ ಎಂಜಿನ್‌ಗಳನ್ನು ಜೋಡಿಸಿ ಮೇಲಕ್ಕೆ ತಳ್ಳಿಸುತ್ತಾರೆ. ಬೆರಳೆಣಿಕೆಯ ಎಕ್ಸ್‌ಪ್ರೆಸ್‌ಗಳೇ ಇಲ್ಲಿನ ನೌಕರರಿಗೆ ಆಧಾರ. 2019ರ ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಈ ದಾರಿಯ ಸಂಚಾರ ಎಷ್ಟೋ ದಿನ ಅಸ್ತವ್ಯಸ್ತವಾಗಿತ್ತು.

ಆದ್ದರಿಂದ ಹುಡುಕಬೇಕಾದದ್ದು ನಡುವಿನ ಊರನ್ನಲ್ಲ, ಹೆಚ್ಚು ಕಡೆಗೆ ದಾರಿಯಿರುವ ಊರನ್ನು. ಅದೇ ಲೋಕಲ್ ದಾರಿಯಲ್ಲಿ ಪುಣೆಯತ್ತ ಸರಿದರೆ ಆಕುರ್ಡಿ, ಚಿಂಚವಡ್ ಸಿಗುತ್ತವೆ. ಅಲ್ಲಿಂದ ಹಿಂಜವಡಿಗೆ ರಸ್ತೆಯಿದೆ. ಪಕ್ಕದ ಪಿಂಪ್ರಿಯಿಂದ 2022ರಲ್ಲಿ ಶುರುವಾದ ಮೆಟ್ರೊ 2024ರಲ್ಲಿ ಸ್ವಾರಗೇಟ್ ಮುಟ್ಟಿತು. ನಡುವೆ ಸಿವಿಲ್ ಕೋರ್ಟ್‌ನಲ್ಲಿ ಇಳಿದು ಬದಲಿಸಿದರೆ ಖರಾಡಿಯ ದಿಕ್ಕಿಗೂ ಹೋಗಬಹುದು. ಕಾರ್ಖಾನೆಯ ಕೆಲಸವಾಗಿ ಚಾಕಣ್ ಕಡೆಗೆ ಹೋಗಬೇಕಾದೀತು ಎನಿಸಿದರೆ ತಳೇಗಾವ್ ಇನ್ನೂ ಅನುಕೂಲ. ಆಫೀಸು ಬದಲಾದರೂ ಮನೆ ಬದಲಿಸುವ ತಾಪತ್ರಯ ತಪ್ಪುತ್ತದೆ.

ಅಲ್ಲೆಲ್ಲ ಗದ್ದಲ, ಬಾಡಿಗೆಯೂ ಹೆಚ್ಚು ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಆದರೆ ಲೋಣಾವಳಾದ ಬಾಡಿಗೆ ಪೇಟೆಯನ್ನು ಆಳುವುದು ವಾರಾಂತ್ಯದ ಪ್ರವಾಸಿಗರು. ಎರಡು ರಾತ್ರಿಗೆ ಬಂಗಲೆ ಕೊಟ್ಟು ಕಾಸು ಮಾಡಬಲ್ಲ ಮಾಲೀಕ ವರ್ಷವಿಡೀ ಇರುವ ಸಂಸಾರಕ್ಕೆ ಅಗ್ಗದಲ್ಲಿ ಯಾಕೆ ಕೊಟ್ಟಾನು? ಮಳೆಗಾಲದ ಶನಿವಾರ ಭುಶಿ ಡ್ಯಾಮಿನ ಕಡೆಗೆ ಸಾಗುವ ವಾಹನಗಳ ಸಾಲಿನಲ್ಲಿ ಊರವರೂ ಸಿಕ್ಕಿಕೊಳ್ಳುತ್ತಾರೆ. ವಾರಕ್ಕೊಂದೆರಡು ದಿನ ಮಾತ್ರ ಆಫೀಸು, ಅದೂ ಶಿವಾಜಿನಗರದಂಥ ಲೋಕಲ್ ನಿಲ್ದಾಣದ ಬಳಿಯೇ ಎಂದಿದ್ದರೆ ಲೋಣಾವಳಾ ಚೆನ್ನ, ಅದನ್ನು ಒಪ್ಪುತ್ತೇನೆ. ಆದರೆ ಅಂಥವರ ಕೆಲಸದ ಜಾಗ ಅನಿಶ್ಚಿತವೇನಲ್ಲ.

ಊರಿನಷ್ಟೇ ಮುಖ್ಯ ಕರಾರು. ಇಲ್ಲಿ ಸಾಮಾನ್ಯವಾಗಿ ಆಗುವುದು ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಅದು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕರದು. ಅದರೊಳಗೆ ‘ಲಾಕ್-ಇನ್’ ಎಂಬ ಸಾಲು ಇದೆಯೇ ನೋಡಿ. ಆರು ತಿಂಗಳ ಲಾಕ್-ಇನ್ ಒಪ್ಪಿಕೊಂಡು ಎರಡನೇ ತಿಂಗಳಿಗೆ ವರ್ಗವಾದರೆ ಉಳಿದ ನಾಲ್ಕು ತಿಂಗಳ ಬಾಡಿಗೆ ಕೇಳುವ ದಾರಿ ಮಾಲೀಕರಿಗೆ ತೆರೆದುಕೊಳ್ಳುತ್ತದೆ. ಲಾಕ್-ಇನ್ ಬೇಡ, ಒಂದು ತಿಂಗಳ ನೋಟಿಸ್ ಸಾಕು ಎಂಬ ಮಾತನ್ನು ಟೋಕನ್ ಹಣ ಕೊಡುವ ಮೊದಲೇ ಆಡಿ ಬರೆಸಿಕೊಳ್ಳಬೇಕು; ಅದಕ್ಕಾಗಿ ಬಾಡಿಗೆ ತುಸು ಏರಿದರೂ ಸರಿ.