ಲಿಂಕನ್ ಪಕ್ಷ ಯಾರದ್ದು, ವಿಮೆ ಯಾರಿಗೆ?

ಅಮೆರಿಕದಲ್ಲಿ ಆರೋಗ್ಯ ವಿಮೆಯ ಮಾತೆತ್ತಿದರೆ ಸಾಕು, ಚರ್ಚೆ ಬಹುಬೇಗ ಪಕ್ಷಗಳ ವಂಶಾವಳಿಗೆ ಹೊರಳುತ್ತದೆ. ಗುಲಾಮಗಿರಿಗೆ ಕೊನೆ ಹಾಡಿದ ಲಿಂಕನ್ ನಮ್ಮವರು, ಗುಲಾಮರ ಒಡೆಯರ ಬೆನ್ನಿಗೆ ನಿಂತ ಪಕ್ಷ ನಿಮ್ಮದು, ಬಡವರ ಕಾಳಜಿಯ ಪಾಠ ನಿಮ್ಮಿಂದ ಬೇಕಿಲ್ಲ ಎನ್ನುತ್ತಾರೆ ರಿಪಬ್ಲಿಕನ್ನರು. ಆ ಪಕ್ಷ ಈಗ ಉಳಿದಿಲ್ಲ, 1960ರ ದಶಕದಲ್ಲಿ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡೆವು, ಮೆಡಿಕೇರ್ ತಂದವರೂ ಒಬಾಮಾಕೇರ್ ತಂದವರೂ ನಾವೇ ಎನ್ನುತ್ತಾರೆ ಡೆಮಾಕ್ರಟರು. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪರವಾಗಿ ಸೆನೆಟ್‌ನಲ್ಲಿ 33 ರಿಪಬ್ಲಿಕನ್ನರ ಪೈಕಿ 27 ಮಂದಿ ಮತ ಹಾಕಿದರು. 67 ಡೆಮಾಕ್ರಟರಲ್ಲಿ 21 ಮಂದಿ ವಿರುದ್ಧ ನಿಂತರು. ಆದರೆ ವಿರೋಧಿಸಿದ ಆರು ರಿಪಬ್ಲಿಕನ್ನರಲ್ಲಿ ಒಬ್ಬರಾದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದರು. ತವರು ಅರಿಜೋನಾ ಬಿಟ್ಟರೆ ಅವರು ಗೆದ್ದದ್ದು ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ದಕ್ಷಿಣ ಕೆರೊಲಿನಾ ಎಂಬ ಐದು ದಕ್ಷಿಣದ ರಾಜ್ಯಗಳನ್ನು ಮಾತ್ರ. ಹೀಗೆ ಇಬ್ಬರ ಕೈಯಲ್ಲೂ ತಮಗೆ ಬೇಕಾದ ದಾಖಲೆ ಇದೆ. ಇಬ್ಬರೂ ನೋಡದೆ ಬಿಟ್ಟಿರುವುದು ಬೇರೊಂದನ್ನು. ಬಡವರಿಗೆ ನೆರವು ಸಿಗಬೇಕೇ ಬೇಡವೇ ಎಂಬ ತೀರ್ಮಾನ ತನ್ನ ಕೈಯಲ್ಲೇ ಇರಬೇಕೆಂಬ ದಕ್ಷಿಣದ ಹಟ ಪಕ್ಷಗಳ ಹೆಸರಿಗಿಂತ ದೀರ್ಘಾಯುಷಿ. ಆ ಹಟಕ್ಕೆ ಮೊದಲು ಒಂದು ಪಕ್ಷ ಆಸರೆ ಕೊಟ್ಟಿತು, ಈಗ ಇನ್ನೊಂದು ಕೊಡುತ್ತಿದೆ.

ಇದರ ಬೇರು ಹಳೆಯದು. 1935ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆ ತಂದಾಗ ವೃದ್ಧಾಪ್ಯ ವಿಮೆಯಿಂದ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಡಲಾಯಿತು. ಹಾಗೆ ಮಾಡಿದ್ದರ ಉದ್ದೇಶದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆದರೆ ಪರಿಣಾಮದ ಬಗ್ಗೆ ತಕರಾರಿಲ್ಲ: ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ದುಡಿಯುತ್ತಿದ್ದದ್ದು ಆ ಎರಡು ಕೆಲಸಗಳಲ್ಲೇ. 1946ರ ಹಿಲ್-ಬರ್ಟನ್ ಕಾಯ್ದೆ ಆಸ್ಪತ್ರೆ ಕಟ್ಟಲು ಕೇಂದ್ರದ ಹಣ ಕೊಟ್ಟಿತು. ಹಿಲ್ ಅಲಬಾಮಾದ ಡೆಮಾಕ್ರಟ್, ಬರ್ಟನ್ ಓಹಾಯೊದ ರಿಪಬ್ಲಿಕನ್. ಎರಡೂ ಪಕ್ಷದವರ ಹೆಸರು ಹೊತ್ತ ಆ ಕಾಯ್ದೆಯಲ್ಲೇ, ಬಿಳಿಯರಿಗೂ ಕಪ್ಪು ಜನರಿಗೂ ‘ಪ್ರತ್ಯೇಕ ಆದರೆ ಸಮಾನ’ ಸೌಲಭ್ಯ ಇದ್ದರೆ ಸಾಕು ಎಂಬ ಕಲಮು ಇತ್ತು. ನ್ಯಾಯಾಲಯ ಅದನ್ನು ಕಿತ್ತುಹಾಕಲು 1963ರವರೆಗೆ ಕಾಯಬೇಕಾಯಿತು. ಇನ್ನು 1965ರಲ್ಲಿ ಮೆಡಿಕೇರ್ ಮತ್ತು ಮೆಡಿಕೇಯ್ಡ್‌ಗೆ ಒಂದೇ ಮಸೂದೆಯಲ್ಲಿ ರೂಪ ಕೊಟ್ಟವರು ಅರ್ಕನ್ಸಾದ ಡೆಮಾಕ್ರಟ್ ವಿಲ್ಬರ್ ಮಿಲ್ಸ್. ಶಾಲೆಗಳಲ್ಲಿ ಬಣ್ಣದ ಗೋಡೆ ಕೆಡವಬೇಕೆಂಬ ಸುಪ್ರೀಂ ಕೋರ್ಟ್ ತೀರ್ಪನ್ನು ಧಿಕ್ಕರಿಸಿದ 1956ರ ದಕ್ಷಿಣದ ಘೋಷಣಾಪತ್ರಕ್ಕೆ ಅವರು ಸಹಿ ಹಾಕಿದ್ದರು. ಅವರ ಮಸೂದೆಯಲ್ಲಿ ವೃದ್ಧರ ಮೆಡಿಕೇರ್ ಇಡೀ ದೇಶಕ್ಕೆ ಒಂದೇ ಅಳತೆಗೋಲಿನಿಂದ ನಡೆಯುವ ಯೋಜನೆ. ಬಡವರ ಮೆಡಿಕೇಯ್ಡ್ ಮಾತ್ರ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದು. ಸೇರಬೇಕೇ ಬೇಡವೇ, ಎಷ್ಟು ಬಡವನಾದರೆ ಬಡವ ಎಂಬುದೆಲ್ಲ ಬಹುಮಟ್ಟಿಗೆ ರಾಜ್ಯದ ನಿರ್ಧಾರ. ಇಂದಿನ ಜಗಳದ ಬೀಜ ಬಿದ್ದದ್ದು ಅಲ್ಲಿ.

ಒಂದೇ ಮಸೂದೆಯ ಈ ಎರಡು ಕವಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೆಡಿಕೇರ್ 1966ರ ಜುಲೈ 1ರಂದು ಜಾರಿಗೆ ಬರಬೇಕಿತ್ತು. ಆ ಹೊತ್ತಿಗೆ ದಕ್ಷಿಣದ ಅನೇಕ ಆಸ್ಪತ್ರೆಗಳಲ್ಲಿ ಕಪ್ಪು ರೋಗಿಗಳಿಗೆ ಬೇರೆ ವಾರ್ಡು. ಕೆಲವು ಕಡೆ ಅವರಿಗೆ ಪ್ರವೇಶವೇ ಇರಲಿಲ್ಲ. ಬಣ್ಣ ನೋಡಿ ಹಾಸಿಗೆ ಕೊಡುವ ಆಸ್ಪತ್ರೆಗೆ ಮೆಡಿಕೇರ್ ಹಣವಿಲ್ಲ ಎಂದು ಲಿಂಡನ್ ಜಾನ್ಸನ್ ಸರ್ಕಾರ ಕಡ್ಡಿ ಮುರಿದಂತೆ ಹೇಳಿತು, ತಪಾಸಣೆಗೆ ಜನರನ್ನು ಕಳಿಸಿತು. ನಾಲ್ಕು ತಿಂಗಳೊಳಗೆ ಸುಮಾರು ಸಾವಿರ ಆಸ್ಪತ್ರೆಗಳು ಬೇಲಿ ತೆಗೆದವು. ದಶಕಗಳ ಮನವಿ, ಮೊಕದ್ದಮೆಗಳಿಂದ ಆಗದ್ದು ಹೀಗೆ ಆಗಿದ್ದು ಡೆಮಾಕ್ರಟರ ಅಥವಾ ರಿಪಬ್ಲಿಕನ್ನರ ಪುಣ್ಯದಿಂದಲ್ಲ. ನಿಯಮ ಒಂದೇ ಆಗಿತ್ತು, ಅದಕ್ಕೆ ಅಪವಾದ ಕೇಳಲು ರಾಜ್ಯಕ್ಕೆ ಅವಕಾಶವಿರಲಿಲ್ಲ, ಅದರಿಂದ. ಅಂತಿಮ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ 70 ರಿಪಬ್ಲಿಕನ್ನರೂ ಕೈ ಎತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಮೆಡಿಕೇಯ್ಡ್ ಕವಲಿನ ಕಥೆ ಬೇರೆ. 2010ರ ಒಬಾಮಾ ಕಾಯ್ದೆ ಬಡತನ ರೇಖೆಯ ಶೇ 138ರವರೆಗೆ ಆದಾಯವಿರುವ ಎಲ್ಲ ವಯಸ್ಕರನ್ನೂ ಮೆಡಿಕೇಯ್ಡ್‌ಗೆ ಸೇರಿಸಲು ಹೊರಟಿತು. ಅದಕ್ಕಿಂತ ಮೇಲಿನವರು ಖಾಸಗಿ ವಿಮೆ ಕೊಳ್ಳಲಿ, ಕಂತಿಗೆ ಸಹಾಯಧನ ಕೊಡೋಣ ಎಂಬ ಲೆಕ್ಕ. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೆಡಿಕೇಯ್ಡ್ ವಿಸ್ತರಣೆಯನ್ನು ರಾಜ್ಯಗಳ ಮೇಲೆ ಹೇರುವಂತಿಲ್ಲ ಎಂದಿತು. ಒಪ್ಪದ ಬಹುತೇಕ ರಾಜ್ಯಗಳಲ್ಲಿ ಆದದ್ದು ಎಂಥ ಅನ್ಯಾಯವೆಂದರೆ, ಬಡತನ ರೇಖೆಗಿಂತ ತುಸು ಮೇಲಿರುವವರಿಗೆ ಸಹಾಯಧನ ಸಿಗುತ್ತದೆ, ರೇಖೆಯ ಕೆಳಗಿರುವ, ಮಕ್ಕಳಿಲ್ಲದ ದುಡಿಯುವ ವಯಸ್ಕರಿಗೆ ಮೆಡಿಕೇಯ್ಡೂ ಇಲ್ಲ, ಸಹಾಯಧನವೂ ಇಲ್ಲ. ಹೀಗೆ ನಡುವೆ ಬಿದ್ದವರು ಹತ್ತು ಲಕ್ಷಕ್ಕೂ ಹೆಚ್ಚು. ಹತ್ತು ರಾಜ್ಯಗಳು ಇನ್ನೂ ಹೊರಗಿವೆ. ಅವುಗಳಲ್ಲಿ ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾ, ಟೆನೆಸ್ಸಿ ಈ ಏಳೂ ದಕ್ಷಿಣದವು, ಅಂತರ್ಯುದ್ಧದಲ್ಲಿ ಲಿಂಕನ್ ವಿರುದ್ಧ ಸಿಡಿದು ನಿಂತಿದ್ದವು. ಇಂದು ಆ ಏಳೂ ಶಾಸನಸಭೆಗಳಲ್ಲಿ ಬಹುಮತ ಇರುವುದು ಲಿಂಕನ್ ಹೆಸರು ಹೇಳುವ ಪಕ್ಷಕ್ಕೆ. ಟೆಕ್ಸರ್ಕಾನಾ ಎಂಬ ಊರು ಟೆಕ್ಸಾಸ್ ಮತ್ತು ಅರ್ಕನ್ಸಾ ಗಡಿಯ ಮೇಲೇ ಹರಡಿದೆ, ನಡುವೆ ಒಂದು ರಸ್ತೆ. ರಸ್ತೆಯ ಪೂರ್ವಕ್ಕೆ ಅರ್ಕನ್ಸಾ, ಅಲ್ಲಿನ ಬಡ ಕೂಲಿಗೆ 2014ರಿಂದ ವಿಮೆ ಇದೆ. ಪಶ್ಚಿಮಕ್ಕಿರುವವನಿಗೆ ಇಲ್ಲ.

ಇದಕ್ಕೆ ಗಟ್ಟಿ ಆಕ್ಷೇಪಗಳಿವೆ. ಹೊರಗುಳಿದ ರಾಜ್ಯಗಳಲ್ಲಿ ಕಾನ್ಸಾಸ್, ವಿಸ್ಕಾನ್ಸಿನ್, ವಯೋಮಿಂಗ್ ಕೂಡ ಇವೆ, ಅವು ದಕ್ಷಿಣದವಲ್ಲ. ಲೂಸಿಯಾನಾ, ವರ್ಜೀನಿಯಾ, ಉತ್ತರ ಕೆರೊಲಿನಾ ದಕ್ಷಿಣದಲ್ಲಿದ್ದೂ ಒಪ್ಪಿವೆ. ಆದ್ದರಿಂದ ಇದು ವರ್ಣದ ಪ್ರಶ್ನೆಯಲ್ಲ, ಖಜಾನೆಯ ಪ್ರಶ್ನೆ ಎನ್ನಬಹುದು. ನಿಜ, ಇಂದಿನ ಪ್ರತಿಯೊಬ್ಬ ವಿರೋಧಿಯ ಎದೆಯಲ್ಲಿ ಹಳೆಯ ದ್ವೇಷ ಹುಡುಕುವುದು ಅನ್ಯಾಯ. ನಾನು ಹಾಗೆ ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಅಧಿಕಾರ ಎಲ್ಲಿಟ್ಟರು ಎಂಬುದರ ಬಗ್ಗೆ. ಹೊರಗಿಡುವ ಅಧಿಕಾರವನ್ನು ಒಮ್ಮೆ ರಾಜ್ಯಕ್ಕೆ ಕೊಟ್ಟ ಮೇಲೆ ಅದನ್ನು ಬಳಸಲು ಹಳೆಯ ಕಾರಣವೇ ಬೇಕಿಲ್ಲ, ಹೊಸ ಕಾರಣವೂ ಸಾಕಾಗುತ್ತದೆ. ಖಜಾನೆಯ ವಾದವೂ ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ ವಿಸ್ತರಣೆಯ ವೆಚ್ಚದಲ್ಲಿ ಶೇ 90 ಕೇಂದ್ರದ್ದು. ಇದಕ್ಕಿಂತ ತೂಕದ ವಾದ ರಾಜ್ಯಗಳ ಸ್ವಾತಂತ್ರ್ಯದ್ದು: ಒಬಾಮಾಕೇರ್‌ಗೆ ಮಾದರಿಯಾದದ್ದೇ 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ ಕಾನೂನು. ಈ ಮಾತನ್ನು ಗೌರವದಿಂದ ಒಪ್ಪುತ್ತೇನೆ. ಆದರೆ ದೇಶ ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಸ್ವಾತಂತ್ರ್ಯ ಬೇರೆ, ದೇಶ ಕೊಟ್ಟದ್ದನ್ನು ತನ್ನ ಬಡವರಿಗೆ ತಲುಪದಂತೆ ತಡೆಯುವ ಸ್ವಾತಂತ್ರ್ಯ ಬೇರೆ.

ಡೆಮಾಕ್ರಟರು ಇಷ್ಟಕ್ಕೆ ಸಮಾಧಾನ ಪಡಬೇಕಿಲ್ಲ. ಉದ್ಯೋಗದಾತರೆಲ್ಲ ವಿಮೆ ಕೊಡಬೇಕೆಂಬ, ಬಡವರಿಗೆ ಸರ್ಕಾರವೇ ಕೊಡುವಂಥ ಯೋಜನೆಯನ್ನು 1974ರಲ್ಲಿ ಮುಂದಿಟ್ಟವರು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್. ಕಾರ್ಮಿಕ ಸಂಘಗಳು ಇನ್ನೂ ದೊಡ್ಡದಕ್ಕೆ ಕಾಯೋಣ ಎಂದವು, ವಾಟರ್‌ಗೇಟ್ ಹಗರಣ ಉಳಿದದ್ದನ್ನು ನುಂಗಿತು. ಅದರ ಬೆಲೆ ತೆತ್ತವರು ಮುಂದಿನ ಎರಡು ತಲೆಮಾರಿನ ದುಡಿಯುವ ಬಡವರು. ವಿಮೆಯನ್ನು ನೌಕರಿಗೆ ಕಟ್ಟಿಹಾಕಿದ್ದರಲ್ಲೂ ಎರಡೂ ಪಕ್ಷಗಳ ಪಾಲಿದೆ. ಯುದ್ಧಕಾಲದಲ್ಲಿ, 1942ರಲ್ಲಿ, ರೂಸ್‌ವೆಲ್ಟ್ ಸರ್ಕಾರ ಸಂಬಳಕ್ಕೆ ಮಿತಿ ಹಾಕಿದಾಗ ಕಂಪನಿಗಳು ವಿಮೆ ಕೊಟ್ಟು ಕೆಲಸಗಾರರನ್ನು ಸೆಳೆದವು. 1954ರಲ್ಲಿ ಐಸೆನ್‌ಹೋವರ್ ಕಾಲದ ತೆರಿಗೆ ಸಂಹಿತೆ ಆ ಏರ್ಪಾಟಿಗೆ ವಿನಾಯಿತಿಯ ಮುದ್ರೆ ಒತ್ತಿತು. ಅಲ್ಲಿ ದುಡಿಯುವ ಕನ್ನಡಿಗ ಟೆಕ್ಕಿಗೆ ಕೆಲಸ ಹೋದ ದಿನವೇ ಮನೆಯವರೆಲ್ಲರ ವಿಮೆಯ ಚಿಂತೆ ಹತ್ತುವುದು ಆ ಹಳೆಯ ಏರ್ಪಾಟಿನಿಂದಲೇ.

ಜಗಳ ಮುಗಿದಿಲ್ಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ ಮೆಡಿಕೇಯ್ಡ್ ಪಡೆಯಲು ದುಡಿಮೆಯ ಲೆಕ್ಕ ಕೇಳುತ್ತದೆ. ಆ ಇಡೀ ಕಾಯ್ದೆಯಿಂದ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಹೆಚ್ಚುವರಿಯಾಗಿ ವಿಮೆ ಇಲ್ಲದವರಾಗುತ್ತಾರೆಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜಿಸಿದೆ. ಆದರೂ ಪಕ್ಷದ ಪಟ್ಟಿ ಕಟ್ಟಿಕೊಳ್ಳದೆ ಜನರನ್ನೇ ನೇರವಾಗಿ ಕೇಳಿದಲ್ಲಿ ಉತ್ತರ ಬೇರೆ ಬಂದಿದೆ. ಟ್ರಂಪ್‌ಗೆ ಮತ ಕೊಟ್ಟ ಐಡಹೊ, ಯೂಟಾ, ನೆಬ್ರಾಸ್ಕಾ, ಓಕ್ಲಹಾಮಾ, ಮಿಸೌರಿ, ದಕ್ಷಿಣ ಡಕೋಟಾ ರಾಜ್ಯಗಳ ಮತದಾರರೇ 2018ರಿಂದ 2022ರೊಳಗೆ ಜನಮತಗಣನೆಯಲ್ಲಿ ಮೆಡಿಕೇಯ್ಡ್ ವಿಸ್ತರಣೆಗೆ ಹೌದೆಂದರು. ಮಿಸಿಸಿಪ್ಪಿಯಲ್ಲೂ ಅದಕ್ಕಾಗಿ ಸಹಿ ಸಂಗ್ರಹದ ಸಿದ್ಧತೆ ನಡೆದಿತ್ತು. 2021ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನರೇ ಮಂಡಿಸುವ ಪ್ರಸ್ತಾವಗಳ ವ್ಯವಸ್ಥೆ ಈಗಿನ ಸ್ವರೂಪದಲ್ಲಿ ನಡೆಯದು ಎಂದು ತೀರ್ಪಿತ್ತಿತು, ಅಭಿಯಾನ ಅಲ್ಲೇ ನಿಂತಿತು. 2024ರಲ್ಲಿ ರಿಪಬ್ಲಿಕನ್ ಬಹುಮತದ ಎರಡೂ ಸದನಗಳು ತಮ್ಮ ತಮ್ಮ ವಿಸ್ತರಣೆ ಮಸೂದೆಗಳನ್ನು ಅಂಗೀಕರಿಸಿದವು. ದುಡಿಮೆಯ ಷರತ್ತಿನ ಮೇಲೆ ರಾಜಿಯಾಗದೆ ಮೇ ತಿಂಗಳಲ್ಲಿ ಅದೂ ಬಿದ್ದುಹೋಯಿತು.