ಒಳ್ಳೆ ತುಕ್ಕು, ಕೆಟ್ಟ ತುಕ್ಕು

ಹೈದರಾಬಾದ್‌ನ ಇಂದಿರಾ ಪಾರ್ಕ್‌ನಿಂದ ವಿಎಸ್‌ಟಿವರೆಗಿನ ಉಕ್ಕಿನ ಮೇಲ್ಸೇತುವೆ 2023ರಲ್ಲಿ ಸಂಚಾರಕ್ಕೆ ತೆರೆಯಿತು. ಉಕ್ಕಿನ ಸೇತುವೆ ಅಂದಮೇಲೆ ತುಕ್ಕಿನ ಚಿಂತೆ ಇದ್ದದ್ದೇ. ಸಾಮಾನ್ಯ ಉಕ್ಕಿಗೆ ಮತ್ತೆ ಮತ್ತೆ ಬಣ್ಣ ಬಳಿಯಬೇಕು. ಆದರೆ ತಾಮ್ರ, ಕ್ರೋಮಿಯಂ ತುಸು ಬೆರೆಸಿದ ‘ವೆದರಿಂಗ್ ಸ್ಟೀಲ್’ಗೆ ಅದರ ತುಕ್ಕೇ ಕವಚ. ನಮ್ಮ ರೈಲು ಬೋಗಿಗಳಿಗೆ ಬಳಸಿದ ಕಾರ್ಟೆನ್ ಇದೇ ಜಾತಿಯದು.

ಕವಚ ಕೂರಬೇಕಾದರೆ ಉಕ್ಕು ನೆನೆದಮೇಲೆ ಪೂರ್ತಿ ಒಣಗಬೇಕು. ಕಡಲಿಂದ ದೂರದ ಹೈದರಾಬಾದ್ ಹವೆ ಇದಕ್ಕೆ ಒಗ್ಗುತ್ತದೆ; ಕಾರವಾರದ ಉಪ್ಪುಗಾಳಿ ಒಗ್ಗದು.

ಪರೀಕ್ಷೆ ಹೇಗೆ? ತೊಲೆಯ ಮೇಲೆ ಸೆಲ್ಲೋಟೇಪ್ ಒತ್ತಿ, ಕಿತ್ತು ನೋಡಿ. ಒಂದು ಮಿಲಿಮೀಟರಿನಷ್ಟು ಸಣ್ಣ, ಒಂದೇ ಸಮನಾದ ಕಂದು ಹುಡಿ ಅಂಟಿದರೆ ಕವಚ ಗಟ್ಟಿ. 5 ಮಿ.ಮೀ. ದಾಟಿದ ಚಕ್ಕೆಗಳು ಬಂದರೆ ಎಚ್ಚರ. ಪದರ ಪದರವಾಗಿ ಎದ್ದರಂತೂ ಉಕ್ಕು ಸವೆಯುತ್ತಿದೆ ಎಂದೇ ಅರ್ಥ. ಆಗ ತುಕ್ಕು ಕೆರೆದು, ಅಲ್ಟ್ರಾಸಾನಿಕ್ ಗೇಜ್ ಇಟ್ಟು, ಉಳಿದ ದಪ್ಪವನ್ನು ಮೂಲ ನಕ್ಷೆಯ ಜೊತೆ ತಾಳೆ ನೋಡಬೇಕು.

ಮೊದಲು ನೋಡಬೇಕಾದ ಜಾಗ ಎಕ್ಸ್‌ಪಾನ್ಷನ್ ಜಾಯಿಂಟಿನ ಕೆಳಭಾಗ. ನೀರು ಸೋರುವುದು ಅಲ್ಲೇ. ಧೂಳು, ಪಾರಿವಾಳದ ಹಿಕ್ಕೆ ಕೂತ ಕೆಳ ಫ್ಲ್ಯಾಂಜ್ ಬೇಗ ಒಣಗುವುದೇ ಇಲ್ಲ. ಬಣ್ಣದ ಖರ್ಚು ಉಳಿಯಿತೆಂದು ತಪಾಸಣೆಯನ್ನೂ ಕೈಬಿಡುವುದು ಅಕ್ಷಮ್ಯ. ಜಾಯಿಂಟಿನ ರಬ್ಬರ್ ಸೀಲ್ ಹರಿದಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಿಸಬೇಕು.